ಎಡಕ್ಕೆ ತಿರುಗದ ಸಾಲು

ಕ್ಯಾಲಿಫೋರ್ನಿಯಾದ ಕಾನ್ಕಾರ್ಡ್‌ಗೆ ಬಂದ ಹೊಸದರಲ್ಲಿ ಊರಾಚೆಯ ಗುಡ್ಡಗಳು ನನಗೆ ಒಗಟಾಗಿದ್ದವು. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲೊಂದು ಇಲ್ಲೊಂದು ದನ ಮೇಯುತ್ತಿರುತ್ತದೆ. ಅದರ ನಡುವೆ, ಹಗ್ಗ ಹಿಡಿದು ಅಳತೆ ಮಾಡಿ ಕಟ್ಟಿದ ಹಾಗೆ, ಸಾಲು ಸಾಲು ಮಣ್ಣಿನ ದಿಬ್ಬಗಳು. ಒಂದೊಂದರ ಮುಂದೆಯೂ ಕಾಂಕ್ರೀಟ್ ಗೋಡೆ, ಗೋಡೆಗೊಂದು ಬಾಗಿಲು. ಕೆಲಸಕ್ಕೆ ಹೋಗುವಾಗ ದಿನಾ ನೋಡುತ್ತಿದ್ದೆ. ಒಂದು ದಿನ ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರನ್ನು ಕೇಳಿದೆ. "ಬಾಂಬು ಇಡುತ್ತಿದ್ದ ಗೂಡುಗಳು, ನೌಕಾಪಡೆಯವು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಪೋರ್ಟ್ ಶಿಕಾಗೋ ಗೊತ್ತಲ್ಲ?" ಅಂತ ಕೇಳಿದರು.

ಗೊತ್ತಿರಲಿಲ್ಲ. ಶಿಕಾಗೋ ಅಂದರೆ ನಮಗೆ ವಿವೇಕಾನಂದರ ಭಾಷಣ. ಇದು ಬೇರೆಯೇ ಶಿಕಾಗೋ. ಸಾನ್ ಫ್ರಾನ್ಸಿಸ್ಕೋದಿಂದ ಈಶಾನ್ಯಕ್ಕೆ, ಸುಸೂನ್ ಕೊಲ್ಲಿಯ ದಡದಲ್ಲಿದ್ದ ಸಣ್ಣ ಊರು. 'ಇದ್ದ' ಅಂತಲೇ ಹೇಳಬೇಕು, ಯಾಕೆಂದರೆ 1968ರಲ್ಲಿ ಸರಕಾರ ಆ ಊರನ್ನೇ ಕೊಂಡುಕೊಂಡು ಜನರನ್ನೆಲ್ಲ ಎಬ್ಬಿಸಿಬಿಟ್ಟಿತು. ಈಗ ಅಲ್ಲಿ ಮನೆಗಳಿಲ್ಲ. ನನ್ನ ಮನೆಯಿಂದ ಕಾರಿನಲ್ಲಿ ಕಾಲು ಗಂಟೆಯೂ ಆಗುವುದಿಲ್ಲ. ಇಷ್ಟು ಹತ್ತಿರದಲ್ಲಿ ಇಷ್ಟು ದೊಡ್ಡದೊಂದು ನಡೆದಿದೆ, ನಾನು ಆರು ವರ್ಷದಿಂದ ಅದರ ಪಕ್ಕದಲ್ಲೇ ತರಕಾರಿ ತರುತ್ತಾ, ಮಕ್ಕಳನ್ನು ಶಾಲೆಗೆ ಬಿಡುತ್ತಾ ಇದ್ದೀನಿ ಅನ್ನುವುದು ತಿಳಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಪೆಸಿಫಿಕ್ ಸಾಗರದಲ್ಲಿ ಜಪಾನಿನ ಜೊತೆ ಅಮೆರಿಕ ಯುದ್ಧ ಮಾಡುತ್ತಿತ್ತು. ಅದಕ್ಕೆ ಬೇಕಾದ ಬಾಂಬು, ಶೆಲ್ಲು, ಗುಂಡುಗಳನ್ನು ರೈಲಿನಲ್ಲಿ ತಂದು ಹಡಗಿಗೆ ತುಂಬಲು ನೌಕಾಪಡೆ ಇಲ್ಲೊಂದು ಹಡಗುಕಟ್ಟೆ ಕಟ್ಟಿತು. ಮೂರು ಪಾಳಿ, ಹಗಲು ರಾತ್ರಿ ಕೆಲಸ. ಬಾಂಬು ಹೊತ್ತವರೆಲ್ಲ ಕಪ್ಪು ಹುಡುಗರು. ಆಜ್ಞೆ ಕೊಟ್ಟ ಅಧಿಕಾರಿಗಳೆಲ್ಲ ಬಿಳಿಯರು. ಇದು ಆಕಸ್ಮಿಕವಲ್ಲ, ನೌಕಾಪಡೆ ನಡೆಯುತ್ತಿದ್ದದ್ದೇ ಹಾಗೆ. 1942ರವರೆಗೆ ಕಪ್ಪು ಜನ ನೌಕಾಪಡೆ ಸೇರಿದರೆ ಸಿಗುತ್ತಿದ್ದದ್ದು ಅಡುಗೆಮನೆ, ಊಟದ ಮನೆ, ಅಧಿಕಾರಿಗಳ ಬಟ್ಟೆ ಬೂಟು. ಪರ್ಲ್ ಹಾರ್ಬರ್ ದಾಳಿಯ ದಿನ ವಿಮಾನದ ಮೇಲೆ ಗುಂಡು ಹಾರಿಸಿ ನೇವಿ ಕ್ರಾಸ್ ಪದಕ ಪಡೆದ ಡೋರಿ ಮಿಲ್ಲರ್ ಕೂಡ ಊಟದ ಮನೆಯ ಆಳು. ಆ ಬಂದೂಕು ಹಾರಿಸಲು ಅವನಿಗೆ ತರಬೇತಿಯನ್ನೇ ಕೊಟ್ಟಿರಲಿಲ್ಲ. 1942ರ ಜೂನ್‌ನಲ್ಲಿ ಬೇರೆ ಕೆಲಸಗಳಿಗೂ ತೆಗೆದುಕೊಳ್ಳುತ್ತೀವಿ ಅಂದಾಗ ಹದಿನೇಳು ಹದಿನೆಂಟರ ಹುಡುಗರು ಹಡಗು ನಡೆಸುವ ಕನಸು ಕಟ್ಟಿಕೊಂಡು ಬಂದರು. ಗ್ರೇಟ್ ಲೇಕ್ಸ್ ಅನ್ನುವಲ್ಲಿ ಅವರಿಗೆಂದೇ ಪ್ರತ್ಯೇಕ ಕ್ಯಾಂಪು. ಅದರ ಹೆಸರು ಕ್ಯಾಂಪ್ ರಾಬರ್ಟ್ ಸ್ಮಾಲ್ಸ್. ಈ ಸ್ಮಾಲ್ಸ್ ಯಾರು ಅಂದರೆ, 1862ರಲ್ಲಿ, ಗುಲಾಮಗಿರಿ ಉಳಿಸಲು ದಕ್ಷಿಣದ ರಾಜ್ಯಗಳು ಯುದ್ಧ ಮಾಡುತ್ತಿದ್ದಾಗ, ಗುಲಾಮನಾಗಿದ್ದಾಗಲೇ ಆ ದಕ್ಷಿಣದವರ ಹಡಗನ್ನು ಅವರ ಕಣ್ಣೆದುರೇ ಓಡಿಸಿಕೊಂಡು ಹೋಗಿ ಹೆಂಡತಿ ಮಕ್ಕಳನ್ನು ಬಿಡಿಸಿಕೊಂಡ ಧೀರ. ಅಂಥವನ ಹೆಸರಿನ ಕ್ಯಾಂಪಿನಲ್ಲಿ ನಾವಿಕರಾಗುವುದನ್ನು ಕಲಿತ ಹುಡುಗರನ್ನು ಪೋರ್ಟ್ ಶಿಕಾಗೋಗೆ ತಂದು ಹಮಾಲಿ ಮಾಡಿಸಿದರು.

ಹಮಾಲಿ ಅನ್ನುವ ಪದವನ್ನು ಸುಮ್ನೆ ಬಳಸುತ್ತಿಲ್ಲ. ನಮ್ಮಪ್ಪ ಇಪ್ಪತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತವರು. ಲಾರಿಗೆ ತುಂಬುವಾಗ ಯಾರಾದರೂ ಬೇಗ ಬೇಗ ಅಂತ ಕೂಗಿದರೆ ಅಪ್ಪ ಬೇಕಂತಲೇ ನಿಧಾನ ಮಾಡುತ್ತಿದ್ದರು. "ಅವಸರ ಅವನದು, ಬೆನ್ನು ನಂದು" ಅನ್ನುತ್ತಿದ್ದರು. ಮೂಟೆ ಜಾರಿ ಬಿದ್ದರೆ ಮೆಣಸಿನಕಾಯಿ ಚೆಲ್ಲುತ್ತಿತ್ತು, ಅಷ್ಟೇ. ಪೋರ್ಟ್ ಶಿಕಾಗೋದಲ್ಲಿ ಜಾರುತ್ತಿದ್ದದ್ದು ಬಾಂಬು.

ಅಲ್ಲಿ ಕೆಲಸ ನಡೆಯುತ್ತಿದ್ದದ್ದು ಹೀಗೆ. ರೈಲು ಡಬ್ಬಿಯ ಬಾಗಿಲಿನಿಂದ ಕಟ್ಟೆಗೆ ಹಲಗೆ ಇಳಿಜಾರು ಹಾಕಿ, ದೊಡ್ಡ ಬಾಂಬುಗಳನ್ನು ಅದರ ಮೇಲೆ ಉರುಳಿಸಿ, ವಿಂಚು ಅನ್ನುವ ಭಾರ ಎತ್ತುವ ಯಂತ್ರದಲ್ಲಿ ಎತ್ತಿ ಹಡಗಿನ ಹೊಟ್ಟೆಗೆ ಇಳಿಸುವುದು. ಹಡಗಿನ ಹೊಟ್ಟೆಗೆ ಸರಕು ಇಳಿಸುವ ಒಂದೊಂದು ಬಾಯಿಗೆ (ಹ್ಯಾಚ್) ಗಂಟೆಗೆ 10 ಟನ್ ಗುರಿ. ಯಾವ ಡಿವಿಷನ್ ಎಷ್ಟು ಟನ್ ತುಂಬಿತು ಅಂತ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಯಾರ ತಂಡ ಜಾಸ್ತಿ ತುಂಬುತ್ತದೆ ಅಂತ ಕಿರಿಯ ಅಧಿಕಾರಿಗಳು ಪಂದ್ಯ ಕಟ್ಟುತ್ತಿದ್ದರು. ಹುಡುಗರಿಗೆ ಸ್ಫೋಟಕ ಮುಟ್ಟುವುದು ಹೇಗೆ ಅಂತ ಸರಿಯಾದ ತರಬೇತಿಯೇ ಇರಲಿಲ್ಲ. ಬಂದರು ಕಾರ್ಮಿಕರ ಸಂಘದವರು, ನಮ್ಮ ಅನುಭವಸ್ಥರನ್ನು ಕಳಿಸುತ್ತೀವಿ, ಹೇಳಿಕೊಡಲಿ ಅಂದರು. ನೌಕಾಪಡೆ ಬೇಡ ಅಂದಿತು. ಬಾಂಬುಗಳು ಒಂದಕ್ಕೊಂದು ತಾಗಿ ಠಣ್ ಅಂದಾಗ ಬೆಚ್ಚಿಬೀಳುತ್ತಿದ್ದ ಹುಡುಗರಿಗೆ, ಡಿಟೊನೇಟರ್ (ಬಾಂಬು ಸಿಡಿಸುವ ಕೀಲಿ) ಇಲ್ಲದೆ ಇವು ಸಿಡಿಯುವುದಿಲ್ಲ, ಹೆದರಬೇಡಿ ಅಂತ ಹೇಳುತ್ತಿದ್ದರು.

1944ರ ಜುಲೈ 17, ರಾತ್ರಿ 10 ಗಂಟೆ 18 ನಿಮಿಷ. ಇ. ಎ. ಬ್ರಯನ್ ಅನ್ನುವ ಹಡಗಿನಲ್ಲಿ ಆಗಲೇ 4,600 ಟನ್ ಮದ್ದುಗುಂಡು ತುಂಬಿತ್ತು. ಕಟ್ಟೆಯ ಮೇಲೆ 16 ರೈಲು ಡಬ್ಬಿಗಳಲ್ಲಿ ಇನ್ನೂ 400 ಟನ್ನಿಗಿಂತ ಜಾಸ್ತಿ. ಎದುರುಬದಿಯಲ್ಲಿ ಕ್ವಿನಾಲ್ಟ್ ವಿಕ್ಟರಿ ಅನ್ನುವ ಹೊಸ ಹಡಗು, ಮೊದಲ ಪ್ರಯಾಣಕ್ಕೆ ತಯಾರಾಗುತ್ತಿತ್ತು. ಮೊದಲು ಒಂದು ಸದ್ದು, ಕೆಲವೇ ಸೆಕೆಂಡಿನಲ್ಲಿ ಎರಡನೆಯದು. ಬ್ರಯನ್ ಹಡಗು ಇಲ್ಲವಾಯಿತು. ಮುಳುಗಿದ್ದಲ್ಲ, ಚೂರು ಚೂರಾಗಿ ಹೋಯಿತು. ಕ್ವಿನಾಲ್ಟ್ ವಿಕ್ಟರಿಯ ಹಿಂಭಾಗ ಮಗುಚಿಕೊಂಡು ದೂರ ನೀರಿನಲ್ಲಿ ಬಿದ್ದಿತ್ತು. ಆಗ ಮೇಲೆ ಹಾರುತ್ತಿದ್ದ ಪೈಲಟ್ ಒಬ್ಬ ಬೆಂಕಿಯ ಕಂಬ ಸಾವಿರಾರು ಅಡಿ ಎದ್ದದ್ದನ್ನು ಕಂಡ. ಬರ್ಕ್ಲಿಯ ಭೂಕಂಪ ಮಾಪಕಗಳು ಸಣ್ಣ ಭೂಕಂಪ ಅಂತ ಗೆರೆ ಎಳೆದವು.

320 ಜನ ಸತ್ತರು. ಅವರಲ್ಲಿ 202 ಜನ ಬಾಂಬು ತುಂಬುತ್ತಿದ್ದ ಕಪ್ಪು ನಾವಿಕರು. ಇಡೀ ಯುದ್ಧದಲ್ಲಿ ನೌಕಾಪಡೆಯ ಕಪ್ಪು ನಾವಿಕರಲ್ಲಿ ಸತ್ತವರು ಗಾಯಗೊಂಡವರು ಎಲ್ಲರನ್ನೂ ಲೆಕ್ಕ ಹಾಕಿದರೆ, ಅದರಲ್ಲಿ ನೂರಕ್ಕೆ 15ರಷ್ಟು ಈ ಒಂದೇ ರಾತ್ರಿಯದು. ಗುರುತು ಹಿಡಿಯಲು ಸಿಕ್ಕ ದೇಹಗಳು 51 ಮಾತ್ರ. ಮಲಗುವ ಬ್ಯಾರಕ್ಕುಗಳು ಒಂದು ಮೈಲಿ ದೂರದಲ್ಲಿದ್ದವು, ಅಲ್ಲೂ ಕಿಟಕಿ ಗಾಜು ಸಿಡಿದು ಎಷ್ಟೋ ಹುಡುಗರ ಮೈಗೆ, ಮುಖಕ್ಕೆ, ಕಣ್ಣಿಗೆ ಹೊಕ್ಕಿತು. ಬೆಳಗಾದ ಮೇಲೆ ಉಳಿದವರನ್ನೇ ಕರೆದುಕೊಂಡು ಹೋಗಿ ಗೆಳೆಯರ ದೇಹದ ತುಂಡುಗಳನ್ನು ಹೆಕ್ಕಿಸಿದರು. ಬೂಟಿನೊಳಗೆ ಕಾಲು ಸಿಕ್ಕಿತ್ತು ಅಂತ ಒಬ್ಬರು ಮುದುಕರಾದ ಮೇಲೆ ಹೇಳಿದ್ದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆಯಲು ಎರಡು ದಿನ ಬೇಕಾಯಿತು.

ಆಮೇಲಿನದು ಇನ್ನೂ ಕಷ್ಟ. ಬದುಕಿದ ಬಿಳಿ ಅಧಿಕಾರಿಗಳಿಗೆ ಊರಿಗೆ ಹೋಗಿ ಬರಲು 30 ದಿನ ರಜೆ ಸಿಕ್ಕಿತು. ಬದುಕಿದ ಕಪ್ಪು ಹುಡುಗರೂ ಕೇಳಿದರು, ಅವರಿಗೆ ಇಲ್ಲ ಅಂದರು. ಸತ್ತವರ ಮನೆಗೆ 5,000 ಡಾಲರ್ ಪರಿಹಾರ ಕೊಡುವ ಮಾತು ಅಮೆರಿಕದ ಸಂಸತ್ತಿನಲ್ಲಿ ಬಂತು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ ಅಂತ ಗೊತ್ತಾದಾಗ ಮಿಸಿಸಿಪಿಯ ಜಾನ್ ರ‍್ಯಾಂಕಿನ್ ಅನ್ನುವ ಸದಸ್ಯ ಅದನ್ನು 2,000ಕ್ಕೆ ಇಳಿಸಿ ಅಂದ. ಕೊನೆಗೆ 3,000ಕ್ಕೆ ನಿಂತಿತು. ತಪ್ಪು ಯಾರದು ಅಂತ ನೋಡಲು ಕೂತ ವಿಚಾರಣಾ ಸಮಿತಿ 125 ಸಾಕ್ಷಿಗಳನ್ನು ಕೇಳಿತು. ಅದರಲ್ಲಿ ಕಪ್ಪು ನಾವಿಕರು ಐದೇ ಜನ. ಬಾಂಬು ಹೊತ್ತವರನ್ನು ಬಿಟ್ಟು ಬಾಂಬು ಹೊತ್ತದ್ದು ಹೇಗೆ ಅಂತ ಯಾರನ್ನು ಕೇಳಿದರೋ.

ಮೂರು ವಾರವಾಯಿತು. ಉಳಿದ ಹುಡುಗರನ್ನು ವಲೆಹೋ ಹತ್ತಿರದ ಮೇರ್ ಐಲೆಂಡ್ ನೌಕಾನೆಲೆಗೆ ತಂದಿದ್ದರು. ಆಗಸ್ಟ್ 9ರಂದು ಅವರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿಕೊಂಡು ಹೊರಟರು. ಎಲ್ಲಿಗೆ ಅಂತ ಹೇಳಲಿಲ್ಲ. ಮುಂದೆ ದಾರಿ ಕವಲೊಡೆಯುತ್ತಿತ್ತು. ಎಡಕ್ಕೆ ಹೋದರೆ ಬಾಂಬು ತುಂಬುವ ಕಟ್ಟೆಯ ದಾರಿ. ಸಾಲಿನ ಹೊರಗೆ ನಡೆಯುತ್ತಾ ಹೆಜ್ಜೆಗೆ ಲಯ ಕೂಗುತ್ತಿದ್ದವನು ಜೋ ಸ್ಮಾಲ್, ವಿಂಚು ಓಡಿಸುವವನು. ವಯಸ್ಸು ಇಪ್ಪತ್ಮೂರು. ಉಳಿದವರಿಗಿಂತ ನಾಲ್ಕೈದು ವರ್ಷ ದೊಡ್ಡವನು ಅಂತ ಹುಡುಗರು ಅವನ ಮಾತು ಕೇಳುತ್ತಿದ್ದರು. ಅವನಿಗೆ ಹುದ್ದೆ ಗಿದ್ದೆ ಏನೂ ಇರಲಿಲ್ಲ.

"ಎಡಕ್ಕೆ ತಿರುಗಿ" ಅಂತ ಆಜ್ಞೆ ಬಂತು.

ಸಾಲು ನಿಂತುಬಿಟ್ಟಿತು.

ಆ ಕ್ಷಣ ಹೇಗಿದ್ದಿರಬಹುದು ಅಂತ ನಾನು ಎಷ್ಟು ಸಲ ಯೋಚಿಸಿದ್ದೀನೋ. ನೂರಾರು ಬೂಟುಗಳ ಸದ್ದು ಒಮ್ಮೆಗೇ ನಿಲ್ಲುವುದು. ಯಾರೂ ಯಾರಿಗೂ ಸನ್ನೆ ಮಾಡಿಲ್ಲ, ಯಾರೂ ಘೋಷಣೆ ಕೂಗಿಲ್ಲ. ಅಧಿಕಾರಿ ಜೋ ಸ್ಮಾಲ್‌ನನ್ನು ಮುಂದೆ ಕರೆದ. ಕೆಲಸಕ್ಕೆ ಹೋಗುತ್ತೀಯಾ ಅಂತ ಕೇಳಿದ. ಇಲ್ಲ ಸರ್ ಅಂದ. ಯಾಕೆ? ಹೆದರಿಕೆ ಆಗಿದೆ. ಹಿಂದಿನಿಂದ ಯಾರೋ, ಸ್ಮಾಲ್ ಹೋಗದಿದ್ದರೆ ನಾವೂ ಹೋಗುವುದಿಲ್ಲ ಅಂದರು.

ಹೆದರಿಕೆ ಆಗಿದೆ. ಯುದ್ಧದ ನಡುವೆ, ಸಮವಸ್ತ್ರ ಹಾಕಿಕೊಂಡು, ಇನ್ನೂರು ಮುನ್ನೂರು ಜನರೆದುರು ಒಬ್ಬ ಗಂಡಸು ಈ ಮಾತು ಹೇಳುವುದು ಸಣ್ಣದಲ್ಲ. ನಮ್ಮಲ್ಲಿ ಚಿಕ್ಕಂದಿನಿಂದಲೇ ಹುಡುಗರಿಗೆ 'ಹೆದರ್ತೀಯೇನೋ, ಗಂಡಸಲ್ವಾ ನೀನು' ಅಂತ ಹೇಳಿ ಬೆಳೆಸುತ್ತಾರೆ. ಹಾಗಾಗಿ ಗಂಡಸರು ಹೆದರಿಕೆಯನ್ನು ಬೇರೆ ಹೆಸರಿಟ್ಟು ಮುಚ್ಚಿಡುತ್ತಾರೆ. ಜೋ ಸ್ಮಾಲ್ ಮುಚ್ಚಿಡಲಿಲ್ಲ. ಗೆಳೆಯರ ಕೈಕಾಲು ಹೆಕ್ಕಿ ಮೂರು ವಾರವಾಗಿದೆ, ಏನೂ ಬದಲಾಗಿಲ್ಲ. ಅದೇ ಅಧಿಕಾರಿಗಳು, ಅದೇ ಬಾಂಬು, ತರಬೇತಿ ಈಗಲೂ ಇಲ್ಲ, ರಜೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಹೆದರದೆ ಇದ್ದರೆ ತಲೆ ಸರಿಯಿಲ್ಲ ಅಂತಲೇ ಅರ್ಥ. ಆ ಸಾಲಿನಲ್ಲಿದ್ದ ಹೆಚ್ಚಿನವರು ಹೇಳಿದ್ದೂ ಇದನ್ನೇ: ಬೇರೆ ಯಾವ ಕೆಲಸ ಬೇಕಾದರೂ ಕೊಡಿ, ಯುದ್ಧಕ್ಕೂ ಕಳಿಸಿ, ಈ ಬಾಂಬು ತುಂಬುವುದೊಂದು ಒಲ್ಲೆವು.

328 ಜನರಲ್ಲಿ 258 ಜನ ಒಲ್ಲೆವು ಅಂದರು. ಅವರನ್ನು ನೀರಿನಲ್ಲಿ ನಿಂತಿದ್ದ ಒಂದು ಬಾರ್ಜಿನಲ್ಲಿ, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯಲ್ಲಿ, ತುಂಬಿ ಕಾವಲು ಹಾಕಿದರು. ಅದು ಅಷ್ಟು ಜನರಿಗಾಗಿ ಮಾಡಿದ್ದಲ್ಲ. ಸೆಕೆ, ಇಕ್ಕಟ್ಟು, ಕಾವಲಿನವರ ಜೊತೆ ಕಿರಿಕಿರಿ, ಹುಡುಗರ ತಾಳ್ಮೆ ತಪ್ಪುತ್ತಿತ್ತು. ಜೋ ಸ್ಮಾಲ್ ಎಲ್ಲರನ್ನೂ ಕೂರಿಸಿಕೊಂಡು ನಾಲ್ಕೈದು ನಿಮಿಷ ಮಾತಾಡಿದ. ಗಲಾಟೆ ಮಾಡಬೇಡಿ, ಕಾವಲಿನವರ ಮಾತು ಕೇಳಿ, ಒಟ್ಟಿಗಿದ್ದರೆ ನಮಗೇನೂ ಮಾಡಲಾರರು ಅಂದ. ಮುಂದೆ ಕೋರ್ಟಿನಲ್ಲಿ ಇದೇ ನಾಲ್ಕೈದು ನಿಮಿಷದ ಮಾತು ಪಿತೂರಿಗೆ ದೊಡ್ಡ ಸಾಕ್ಷಿಯಾಯಿತು.

ಆಗಸ್ಟ್ 11ಕ್ಕೆ ಅವರನ್ನು ಬೇಸ್‌ಬಾಲ್ ಮೈದಾನಕ್ಕೆ ತಂದರು. ಅಡ್ಮಿರಲ್ ಕಾರ್ಲ್ಟನ್ ರೈಟ್ ಬಂದ. ಪೆಸಿಫಿಕ್‌ನ ಸಾಯ್‌ಪಾನ್ ದ್ವೀಪದಲ್ಲಿ ಹೋರಾಡುತ್ತಿರುವ ಸೈನಿಕರಿಗೆ ಈ ಮದ್ದುಗುಂಡು ಬೇಕು ಅಂದ. ಯುದ್ಧಕಾಲದಲ್ಲಿ ದಂಗೆಗೆ ಮರಣದಂಡನೆ ಅಂದ. ಬಾಂಬಿನ ಅಪಾಯಕ್ಕಿಂತ ಗುಂಡಿಕ್ಕುವವರ ಸಾಲಿನ ಮುಂದೆ ನಿಲ್ಲುವ ಅಪಾಯ ದೊಡ್ಡದು ಅನ್ನುವುದನ್ನು ನೆನಪಿಡಿ ಅಂದ. ಆಮೇಲೆ ಎರಡು ಗುಂಪಾಗಲು ಹೇಳಿದರು. ಆಜ್ಞೆ ಪಾಲಿಸುವವರು ಒಂದು ಕಡೆ, ಪಾಲಿಸದವರು ಒಂದು ಕಡೆ. ಒಂದೇ ಬ್ಯಾರಕ್ಕಿನಲ್ಲಿ ಮಲಗಿ ಎದ್ದ ಹುಡುಗರು ಆ ಮೈದಾನದಲ್ಲಿ ಬೇರೆಯಾದರು. ಕೆಲವರ ಕಣ್ಣಲ್ಲಿ ನೀರಿತ್ತು. 44 ಜನ ಪಾಲಿಸದ ಕಡೆಗೆ ನಡೆದರು. ಒಪ್ಪಿ ಹೋದವರಲ್ಲಿ ಮತ್ತೆ ಒಲ್ಲೆವು ಅಂದ ಆರು ಜನ ಸೇರಿ ಒಟ್ಟು 50. ಮೈದಾನದ ಆ ಕಡೆಗೆ ಹೋದ 208 ಜನರನ್ನು ನಾನು ಯಾವತ್ತೂ ತಪ್ಪು ತಿಳಿಯಲಾರೆ. ಹತ್ತೊಂಬತ್ತು ವರ್ಷದವನ ಮುಂದೆ ಗುಂಡಿಕ್ಕುವ ಮಾತಾಡಿದರೆ ಅವನೇನು ಮಾಡಬೇಕು? ಅವರಿಗೂ ಶಿಕ್ಷೆ ತಪ್ಪಲಿಲ್ಲ. ಮೂರು ತಿಂಗಳ ಸಂಬಳ ಕಳೆದರು, ಕೆಟ್ಟ ನಡತೆ ಅಂತ ಬರೆದು ಕಳಿಸಿದರು.

50 ಜನರ ಮೇಲೆ ದಂಗೆಯ ಆರೋಪ. ಈಗ ಸಾನ್ ಫ್ರಾನ್ಸಿಸ್ಕೋದ ಬೇ ಬ್ರಿಜ್ ಮೇಲೆ ಹೋಗುವಾಗ ನಡುವೆ ಸಿಗುತ್ತದಲ್ಲ, ಆ ಟ್ರೆಷರ್ ಐಲೆಂಡ್ ನೌಕಾನೆಲೆಯಲ್ಲಿ 1944ರ ಸೆಪ್ಟೆಂಬರ್ 14ಕ್ಕೆ ವಿಚಾರಣೆ ಶುರುವಾಯಿತು. ತೀರ್ಪುಗಾರರು ಏಳು ಜನ ನೌಕಾ ಅಧಿಕಾರಿಗಳು, ಎಲ್ಲ ಬಿಳಿಯರು. ಆ 50ರಲ್ಲಿ ಒಬ್ಬ ಹುಡುಗ ಮಣಿಕಟ್ಟು ಮುರಿದು ಕೈ ಕಟ್ಟಿಕೊಂಡಿದ್ದವನು, ಆಲಿ ಗ್ರೀನ್. ಬಾಂಬು ಎತ್ತಲು ಅವನಿಂದ ಹೇಗೂ ಆಗುತ್ತಿರಲಿಲ್ಲ. ಕಟಕಟೆಯಲ್ಲಿ ಅವನು ತನ್ನ ಮಾತಿನಲ್ಲಿ ಎಲ್ಲ ಹೇಳಿಬಿಟ್ಟ. ಅಧಿಕಾರಿಗಳು ಡಿವಿಷನ್ನುಗಳ ನಡುವೆ ಓಟ ಹಚ್ಚಿ ಟನ್ನು ಲೆಕ್ಕ ಹಾಕುತ್ತಿದ್ದರು, ಬೇಗ ಮಾಡದಿದ್ದರೆ ಜೈಲಿಗೆ ಹಾಕುತ್ತೀವಿ ಅನ್ನುತ್ತಿದ್ದರು, ಮೇಲಧಿಕಾರಿ ನೋಡಲು ಬಂದಾಗ ಮಾತ್ರ ನಿಧಾನ ಮಾಡಿ ಅನ್ನುತ್ತಿದ್ದರು, ಮತ್ತೆ ಸಿಡಿಯುತ್ತದೆ ಅಂತ ನನಗೆ ಗೊತ್ತಿತ್ತು, ಅದಕ್ಕೇ ಹೆದರಿದೆ ಅಂದ. ಆ ಕೋಣೆಯಲ್ಲಿ ಪೋರ್ಟ್ ಶಿಕಾಗೋ ಯಾಕೆ ಸಿಡಿಯಿತು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಮಾತು ಬಂದಿರಲಾರದು.

ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಥರ್ಗುಡ್ ಮಾರ್ಷಲ್ ಬಂದು ಕೂತರು. ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಅನ್ನುವ ಸಂಘದ ಮುಖ್ಯ ವಕೀಲರು. ಮುಂದೆ ಶಾಲೆಗಳಲ್ಲಿ ಬಣ್ಣದ ಬೇಲಿ ತೆಗೆಸಿದ ಕೇಸು ಗೆದ್ದವರು, ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಾಧೀಶರಾದವರು. ಈ ಕೋರ್ಟಿನಲ್ಲಿ ಅವರಿಗೆ ವಾದಿಸುವ ಅವಕಾಶವಿರಲಿಲ್ಲ. ಹೊರಗೆ ಬಂದು ಪತ್ರಿಕೆಯವರಿಗೆ ಹೇಳಿದರು: ಇಲ್ಲಿ ವಿಚಾರಣೆ ನಡೆಯುತ್ತಿರುವುದು ಈ 50 ಜನರದ್ದಲ್ಲ, ಕಪ್ಪು ಜನರನ್ನು ನೌಕಾಪಡೆ ನಡೆಸಿಕೊಳ್ಳುವ ರೀತಿಯದ್ದು.

ಅಕ್ಟೋಬರ್ 24ಕ್ಕೆ ತೀರ್ಪು. ಒಳಗೆ ಹೋಗಿ ಯೋಚಿಸಿ ಬರಲು ತೆಗೆದುಕೊಂಡದ್ದು 80 ನಿಮಿಷ, ಮಧ್ಯಾಹ್ನದ ಊಟವೂ ಸೇರಿ. ಒಬ್ಬೊಬ್ಬನಿಗೆ ಎರಡು ನಿಮಿಷವೂ ಇಲ್ಲ. 50 ಜನರೂ ತಪ್ಪಿತಸ್ಥರು, 15 ವರ್ಷ ಕಠಿಣ ಸಜೆ. ಆಮೇಲೆ 40 ಜನರ ಅವಧಿಯನ್ನು ಒಂದಿಷ್ಟು ಕಡಿಮೆ ಮಾಡಿದರು, ಎಂಟು ವರ್ಷಕ್ಕೆ ಇಳಿದವರು ಐದೇ ಜನ.

ಇಲ್ಲಿ ನನ್ನನ್ನು ಕಾಡುವುದು ದಂಗೆ ಅನ್ನುವ ಆ ಒಂದು ಪದ. ನೌಕಾಪಡೆಯ ವಕೀಲನೇ ಆಗಿದ್ದರೂ ಹುಡುಗರ ಪರ ವಾದಿಸಿದ ಜೆರಾಲ್ಡ್ ವೆಲ್ಟ್‌ಮನ್ ಹಿಡಿದದ್ದೂ ಇದನ್ನೇ. ಅಧಿಕಾರ ಕಿತ್ತುಕೊಳ್ಳಲು ಒಟ್ಟಾಗಿ ಪಿತೂರಿ ಮಾಡಿದರೆ ದಂಗೆ. ಇವರು ಯಾರ ಅಧಿಕಾರ ಕಿತ್ತುಕೊಂಡರು? ಯಾವ ಹಡಗು ಹಿಡಿದರು? ಯಾರ ಮೇಲೆ ಕೈ ಎತ್ತಿದರು? ದಾರಿಯ ಮಧ್ಯೆ ನಿಂತರು, ಅಷ್ಟೇ. ನಮಗೆ ಶಾಲೆಯಲ್ಲಿ 1857ರ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ 'ಸಿಪಾಯಿ ದಂಗೆ' ಅಂತ ಬರೆದು, ಇದು ಬ್ರಿಟಿಷರು ಇಟ್ಟ ಹೆಸರು ಅಂತ ಅದರ ಕೆಳಗೆ ಗೆರೆ ಎಳೆದಿದ್ದರು. ಅವತ್ತು ಪರೀಕ್ಷೆಗೆ ಬರುತ್ತದೆ ಅಂತ ಬರೆದುಕೊಂಡಿದ್ದೆ. ಹೆಸರಿಡುವವನ ಕೈಯಲ್ಲಿ ಎಷ್ಟು ಬಲ ಇರುತ್ತದೆ ಅನ್ನುವುದು ಪೋರ್ಟ್ ಶಿಕಾಗೋ ಓದಿದಾಗ ಅರ್ಥವಾಯಿತು. 'ಹೆದರಿಕೆ ಆಗಿದೆ' ಅಂತ ಇವರು ಹೇಳಿದ್ದು, 'ದಂಗೆ' ಅಂತ ಅವರು ಬರೆದುಕೊಂಡದ್ದು. ಮುಂದಿನ 80 ವರ್ಷ ಕಾಗದದ ಮೇಲೆ ಉಳಿದದ್ದು ಅವರು ಬರೆದದ್ದೇ. ಕನ್ನಡದ 'ಒಲ್ಲೆ' ಎಷ್ಟು ಒಳ್ಳೆಯ ಪದ ಅಲ್ವಾ. ಅದರಲ್ಲಿ ಸಿಟ್ಟಿಲ್ಲ, ಕೂಗಾಟವಿಲ್ಲ, ಆದರೆ ಬಗ್ಗುವುದೂ ಇಲ್ಲ. ಆ ಹುಡುಗರು ಮಾಡಿದ್ದಕ್ಕೆ ನಾನು ಇಡುವ ಹೆಸರು ಅದು.

ಯುದ್ಧ ಮುಗಿಯಿತು. 1946ರ ಜನವರಿಯಲ್ಲಿ ಐವತ್ತರಲ್ಲಿ 47 ಜನರನ್ನು ಜೈಲಿನಿಂದ ಬಿಟ್ಟರು. ಬಿಟ್ಟದ್ದು ಮನೆಗಲ್ಲ, ಪೆಸಿಫಿಕ್‌ಗೆ ಹೋಗುವ ಹಡಗುಗಳಿಗೆ. ಮರುತಿಂಗಳು, ಫೆಬ್ರವರಿ 18ಕ್ಕೆ, ಮುಂಬಯಿಯ ತಲ್ವಾರ್ ನೌಕಾ ನೆಲೆಯಲ್ಲಿ ನಮ್ಮ ನಾವಿಕರು ಊಟ ಬಿಟ್ಟು ಮುಷ್ಕರ ಕೂತರು. ಕೆಟ್ಟ ಅನ್ನ, ಬಿಳಿ ಕಮಾಂಡರನ ಬಾಯಿಂದ ದಿನಾ ಬರುತ್ತಿದ್ದ ಬಣ್ಣದ ಬೈಗುಳ. ಅದು ಕರಾಚಿಯವರೆಗೆ ಹಬ್ಬಿತು. ಅದಕ್ಕೂ ದಂಗೆ ಅಂತಲೇ ಹೆಸರಾಯಿತು. ಅದಾದ ಒಂಬತ್ತೇ ದಿನಕ್ಕೆ, ಫೆಬ್ರವರಿ 27ಕ್ಕೆ, ಅಮೆರಿಕದ ನೌಕಾಪಡೆ ಇನ್ನು ಮುಂದೆ ಬಣ್ಣ ನೋಡಿ ಕೆಲಸ ಹಂಚುವಂತಿಲ್ಲ ಅಂತ ಸುತ್ತೋಲೆ ಹೊರಡಿಸಿತು. ಮುಂಬಯಿಗೂ ಈ ಸುತ್ತೋಲೆಗೂ ಸಂಬಂಧವಿಲ್ಲ. ಆದರೆ ಆ ಎರಡು ತಿಂಗಳನ್ನು ನಾನು ಒಟ್ಟಿಗೇ ಇಟ್ಟು ನೋಡುತ್ತೇನೆ. ಬಾಂಬು ಒಲ್ಲೆ ಅಂದವರು, ಅನ್ನ ಒಲ್ಲೆ ಅಂದವರು, ಭೂಮಿಯ ಎರಡು ಕಡೆ.

ಮನೆಗೆ ಹೋದ ಮೇಲೆ ಹೆಚ್ಚಿನವರು ಬಾಯಿ ಬಿಡಲಿಲ್ಲ. ದಂಗೆಕೋರ ಅಂತ ಮುದ್ರೆ ಬಿದ್ದದ್ದನ್ನು ಹೆಂಡತಿಗೆ ಹೇಳುವುದು ಹೇಗೆ, ಮಕ್ಕಳಿಗೆ ಹೇಳುವುದು ಹೇಗೆ? ಎಷ್ಟೋ ಮಕ್ಕಳಿಗೆ ಅಪ್ಪ ಹೋದ ಮೇಲೆ ಗೊತ್ತಾಯಿತು. 1970ರ ದಶಕದಲ್ಲಿ ರಾಬರ್ಟ್ ಅಲೆನ್ ಅನ್ನುವ ಇತಿಹಾಸಕಾರರು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಅವರು ಹೋಗದಿದ್ದರೆ ಆ ಕವಲು ದಾರಿ, ಆ 'ಹೆದರಿಕೆ ಆಗಿದೆ', ಯಾವುದೂ ನಮಗೆ ಸಿಗುತ್ತಿರಲಿಲ್ಲ. ಕೋರ್ಟಿನ ಕಾಗದದಲ್ಲಿ ಜೋ ಸ್ಮಾಲ್ ಒಬ್ಬ ಪಿತೂರಿಗಾರ, ಅಲೆನ್ ಮುಂದೆ ಕೂತು ಮಾತಾಡುವಾಗ ಅವನೊಬ್ಬ ಮನುಷ್ಯ.

ಕ್ಷಮೆ ಕೇಳಿ ಅಂತ ಬದುಕಿದ್ದವರಿಗೆ ಹಲವರು ಹೇಳಿದರು. ಅಧ್ಯಕ್ಷರಿಗೆ ಬರೆದರೆ ಕ್ಷಮಾದಾನ ಸಿಗಬಹುದು ಅಂದರು. ಜೋ ಸ್ಮಾಲ್ ಒಪ್ಪಲಿಲ್ಲ. ಕ್ಷಮಿಸುವುದು ಅಂದರೆ ನೀನು ತಪ್ಪು ಮಾಡಿದ್ದೀಯ, ಹೋಗಲಿ ಬಿಡು ಅಂದ ಹಾಗೆ, ನಾವು ತಪ್ಪೇ ಮಾಡಿಲ್ಲವಲ್ಲ ಅನ್ನುವುದು ಅವರ ಮಾತು. 1996ರಲ್ಲಿ ತೀರಿಕೊಂಡರು, ಕೇಳದೆಯೇ. ಆ 50 ಜನರಲ್ಲೇ ಇನ್ನೊಬ್ಬರಾದ ಫ್ರೆಡ್ಡಿ ಮೀಕ್ಸ್ ಕೇಳಿದರು. ಏನು ನಡೆಯಿತು ಅಂತ ಜನರಿಗೆ ತಿಳಿಯಲಿ ಅನ್ನುವುದು ಅವರ ಆಸೆಯಾಗಿತ್ತು. 1999ರ ಡಿಸೆಂಬರ್‌ನಲ್ಲಿ ಕ್ಲಿಂಟನ್ ಸಹಿ ಹಾಕಿದರು. ಈ ಇಬ್ಬರಲ್ಲಿ ಯಾರು ಸರಿ ಅಂತ ನನ್ನ ಗೆಳತಿಯೊಬ್ಬಳು ಕೇಳಿದಳು. ಇಬ್ಬರೂ ಸರಿ ಅಂದೆ, ಆದರೆ ನನ್ನ ಮನಸ್ಸು ಜೋ ಸ್ಮಾಲ್ ಕಡೆಗೇ ವಾಲುತ್ತದೆ. ಐವತ್ತು ವರ್ಷದ ಹಿಂದೆ ಎಡಕ್ಕೆ ತಿರುಗದ ಕಾಲು ಆಗಲೂ ತಿರುಗಲಿಲ್ಲ.

2024ರ ಜುಲೈ 17. ಸ್ಫೋಟಕ್ಕೆ ಸರಿಯಾಗಿ 80 ವರ್ಷ. ನೌಕಾಪಡೆಯ ಕಾರ್ಯದರ್ಶಿ ಕಾರ್ಲೋಸ್ ಡೆಲ್ ಟೋರೋ ಆ 258ರಲ್ಲಿ 256 ಜನರನ್ನು ನಿರ್ದೋಷಿಗಳು ಅಂತ ಘೋಷಿಸಿದರು. ಉಳಿದ ಇಬ್ಬರ ಶಿಕ್ಷೆ ಮೊದಲೇ ರದ್ದಾಗಿತ್ತು. ಬೇರೆ ಬೇರೆ ಸ್ಥಿತಿಯಲ್ಲಿದ್ದವರನ್ನು ಒಟ್ಟಿಗೆ ಕಟ್ಟಿ ವಿಚಾರಣೆ ನಡೆಸಿದ್ದು ತಪ್ಪು, ಸರಿಯಾಗಿ ವಕೀಲರ ನೆರವು ಸಿಗದ್ದು ತಪ್ಪು ಅಂತ ನೌಕಾಪಡೆಯೇ ಒಪ್ಪಿಕೊಂಡಿತು. ಇನ್ನೊಂದು ವಿಷಯವನ್ನೂ ಹೇಳಿದರು. ಸ್ಫೋಟದ ಬಗ್ಗೆ ಕೂತಿದ್ದ ವಿಚಾರಣಾ ಸಮಿತಿಯ ವರದಿಯಲ್ಲಿ ಮದ್ದುಗುಂಡು ತುಂಬುವ ರೀತಿ ಸುಧಾರಿಸಲು 19 ಶಿಫಾರಸುಗಳಿದ್ದವು. ಆ ವರದಿ ಪೂರ್ತಿಯಾಗುವ ಮೊದಲೇ ಈ ಹುಡುಗರ ವಿಚಾರಣೆ ಮುಗಿಸಿಬಿಟ್ಟಿದ್ದರು. ಅಂದರೆ ಹೀಗೆ ತುಂಬಿದರೆ ಅಪಾಯ ಅಂತ ಇವರು ಹೇಳಿದ್ದನ್ನೇ 19 ಕಡೆ ಬರೆದ ಕಾಗದ ಇವರ ಕೈಗೆ ಸಿಗಲೇ ಇಲ್ಲ.

ನಿರ್ದೋಷಿ ಅನ್ನುವುದನ್ನು ಕೇಳಲು ಅವರಲ್ಲಿ ಯಾರೂ ಉಳಿದಿರಲಿಲ್ಲ. ರಾಬರ್ಟ್ ಅಲೆನ್ ಕೂಡ ಜುಲೈ 10ಕ್ಕೆ ತೀರಿಕೊಂಡಿದ್ದರು. ಒಂದು ವಾರ. ಸುದ್ದಿ ಓದುವಾಗ ಅಡುಗೆಮನೆಯಲ್ಲಿ ನಿಂತಿದ್ದೆ, ಹಾಲು ಉಕ್ಕಿ ಚೆಲ್ಲಿದ್ದು ಗೊತ್ತೇ ಆಗಲಿಲ್ಲ.

ಅದರ ಮುಂದಿನ ವರ್ಷ ಸ್ಮಾರಕ ನೋಡಲು ಹೋದೆ. ಅದು ಈಗಲೂ ಸೇನೆಯ ನೆಲೆಯ ಒಳಗಿದೆ, ಈಗಲೂ ಅಲ್ಲಿಂದ ಮದ್ದುಗುಂಡು ಹೋಗುತ್ತದೆ. ಮೊದಲೇ ಹೆಸರು ಕೊಟ್ಟು, ಗುರುತಿನ ಚೀಟಿ ತೋರಿಸಿ, ಪಾರ್ಕ್ ಸರ್ವಿಸ್‌ನವರ ವ್ಯಾನಿನಲ್ಲೇ ಹೋಗಬೇಕು. ನಾವು ಏಳು ಜನ ಇದ್ದೆವು. ನೀರಿನ ಕಡೆ ಮುಖ ಮಾಡಿ ನಿಂತರೆ ಎಡಗಡೆ ಕಲ್ಲಿನ ಮೇಲೆ ಹೆಸರುಗಳು. ಬಲಗಡೆ ತಿರುಚಿ ಬಿದ್ದ ಕಬ್ಬಿಣದ ಒಂದು ದಪ್ಪ ಹಾಳೆ, ಹಡಗಿನದು. ಒದ್ದೆ ಬಟ್ಟೆ ಹಿಂಡಿದರೆ ಹೇಗಾಗುತ್ತದೋ ಹಾಗಾಗಿತ್ತು. ಮುಂದೆ ಕೊಲ್ಲಿಯ ನೀರಿನಲ್ಲಿ ಹಳೆಯ ಕಟ್ಟೆಯ ಮರದ ಕಂಬಗಳು ಇನ್ನೂ ನಿಂತಿವೆ, ಒಂದೊಂದೂ ಒಂದೊಂದು ಎತ್ತರಕ್ಕೆ ಮುರಿದು. ಕಂಬಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂತಿದ್ದವು.

ಹೆಸರುಗಳನ್ನು ಒಂದೊಂದಾಗಿ ಓದಿದೆ. 320 ಓದಲು ತುಂಬಾ ಹೊತ್ತು ಹಿಡಿಯುತ್ತದೆ. ನನ್ನ ಪಕ್ಕದಲ್ಲಿ ವಯಸ್ಸಾದ ಕಪ್ಪು ಮಹಿಳೆಯೊಬ್ಬರು ಒಂದೇ ಹೆಸರಿನ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಏನೂ ಕೇಳಲಿಲ್ಲ.

ರೇಂಜರ್ ಮೇರ್ ಐಲೆಂಡಿನ ಆ ಬೆಳಗಿನ ಕಥೆ ಶುರುಮಾಡಿದ್ದರು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದಿನ ಹಳಿಯ ಮೇಲೆ ಉದ್ದದ ಗೂಡ್ಸ್ ರೈಲು ಬಂತು. ಡಬ್ಬಿಗಳು ಒಂದಕ್ಕೊಂದು ಗುದ್ದಿ ಸದ್ದು ಮಾಡುತ್ತಾ ಹೋಗುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ಅವರು ನಿಲ್ಲಿಸಿ ಕಾದರು. ಆ ಹಿರಿಯರ ಕೈ ಇನ್ನೂ ಹೆಸರಿನ ಮೇಲೇ ಇತ್ತು. ಕೊನೆಯ ಡಬ್ಬಿ ದಾಟಿ ಸದ್ದು ಸಣ್ಣಗಾದ ಮೇಲೆ ರೇಂಜರ್ ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿದರು: "ಎಡಕ್ಕೆ ತಿರುಗಿ ಅಂತ ಹೇಳಿದರು. ಹುಡುಗರು ಅಲ್ಲೇ ನಿಂತರು."